ಸಾಕು ಗೋಸುಂಬೆಗೆ ಕೊಟ್ಟ ಕ್ಯಾಲ್ಸಿಯಂ ಮೈಗೆ ಹತ್ತದಿದ್ದಾಗ: ದೋಷ ನಿವಾರಣೆ ಕೈಪಿಡಿ

ಗೋಸುಂಬೆ ಸಾಕುವವರ ಮನೆಯಲ್ಲಿ ಕ್ಯಾಲ್ಸಿಯಂ ಪುಡಿಯ ಡಬ್ಬಿ ಇಲ್ಲದಿರುವುದು ಅಪರೂಪ. ಹಾಗಿದ್ದೂ ಕೈಕಾಲು ಸೊಟ್ಟಗಾಗುವುದು, ದವಡೆ ಮೆತ್ತಗಾಗುವುದು, ಎದುರಿಗಿದ್ದ ಹುಳಕ್ಕೆ ನಾಲಿಗೆ ತಲುಪದಿರುವುದು ನಡೆದೇ ಇರುತ್ತದೆ. ಇಂಥ ಲಕ್ಷಣ ಕಂಡ ಕೂಡಲೇ ಪುಡಿಯ ಪ್ರಮಾಣವನ್ನು ಹೆಚ್ಚಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನನ್ನ ಪ್ರಕಾರ ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಬೇಕು, ಏಕೆಂದರೆ ದೋಷವು ಹೆಚ್ಚಿನ ಸಂದರ್ಭಗಳಲ್ಲಿ ದೀಪದಲ್ಲೋ, ಗೂಡಿನ ಬಿಸಿಯಲ್ಲೋ, ಹುಳಕ್ಕೆ ಹಾಕುವ ಮೇವಿನಲ್ಲೋ ಅಡಗಿರುತ್ತದೆ.

ಕ್ಯಾಲ್ಸಿಯಂ ಹೊಟ್ಟೆಗೆ ಹೋಗುವುದು ಬೇರೆ, ಮೂಳೆಗೆ ಸೇರುವುದು ಬೇರೆ. ಬಿಸಿಲಿನಲ್ಲಿ ಅಥವಾ ವಿಶೇಷ ದೀಪದಲ್ಲಿ ಇರುವ ಯುವಿಬಿ ಎಂಬ ಅತಿನೇರಳೆ ಕಿರಣ ಚರ್ಮದ ಮೇಲೆ ಬಿದ್ದಾಗ ಅಲ್ಲಿ ಡಿ3 ಜೀವಸತ್ವದ ಪೂರ್ವರೂಪ ತಯಾರಾಗುತ್ತದೆ, ಮೈ ಸಾಕಷ್ಟು ಬೆಚ್ಚಗಿದ್ದರೆ ಅದು ಡಿ3 ಆಗಿ ಮಾರ್ಪಡುತ್ತದೆ, ಬಳಿಕ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಕೆಲಸಕ್ಕೆ ಬರುವ ರೂಪ ಪಡೆದು, ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ತಿಂದ ಪುಡಿ ಹಿಕ್ಕೆಯೊಂದಿಗೆ ಹೊರಗೆ ಹೋಗುತ್ತದೆ. ಆಗ ದೇಹವು ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನು ಕಾಪಾಡಲು ಮೂಳೆಯಿಂದಲೇ ಕಸಿದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಬಹುಕಾಲ ಏನೂ ತಿಳಿಯುವುದಿಲ್ಲ, ಕಣ್ಣಿಗೆ ಕಾಣುವ ಹೊತ್ತಿಗೆ ನಷ್ಟ ಸಾಕಷ್ಟು ಆಗಿರುತ್ತದೆ.

## ಮೊದಲು ತಿಳಿಯಬೇಕಾದದ್ದು: ಯಾವ ಗೋಸುಂಬೆ

ನಮ್ಮ ಹೊಲದ ಬದುವಿನಲ್ಲಿ, ಜಾಲಿ ಮತ್ತು ಬೇವಿನ ಮರಗಳಲ್ಲಿ ಸಿಗುವ ಭಾರತೀಯ ಗೋಸುಂಬೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡ ಕಾಡು ಗೋಸುಂಬೆ ಸಿಕ್ಕಿದರೆ ಈ ಕೈಪಿಡಿ ನೋಡಿ ಚಿಕಿತ್ಸೆ ಮಾಡಬೇಡಿ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಇಲ್ಲಿ ಹೇಳಿರುವುದೆಲ್ಲ ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ ಹಾಗೂ ಮಡಗಾಸ್ಕರ್ ಮೂಲದ ಪ್ಯಾಂಥರ್ ಗೋಸುಂಬೆಗೆ ಸಂಬಂಧಿಸಿದ್ದು. ಇವೆರಡೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2022ರ ಕಾಯ್ದೆ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಿರಬೇಕು. ಕಾಗದಪತ್ರ ಸರಿಯಿದ್ದವರು ವೈದ್ಯರ ಬಳಿ ಹೋಗಲು ಹಿಂಜರಿಯುವುದಿಲ್ಲ, ಪ್ರಾಣಿಯ ಮಟ್ಟಿಗೆ ಇದೇ ದೊಡ್ಡ ಪ್ರಯೋಜನ.

ತಪಾಸಣೆಗೆ ಹೆಚ್ಚಿನ ಸಲಕರಣೆ ಬೇಡ. ಗ್ರಾಂ ಲೆಕ್ಕದಲ್ಲಿ ತೂಗುವ ಚಿಕ್ಕ ತಕ್ಕಡಿ, ವೈರಿನ ತುದಿಯಲ್ಲಿ ಮಾಪಕವಿರುವ ಡಿಜಿಟಲ್ ಥರ್ಮಾಮೀಟರ್, ಒಂದು ನೋಟ್‌ಬುಕ್ ಇದ್ದರೆ ಸಾಕು. ತಕ್ಕಡಿಯ ಮೇಲೆ ಒಂದು ಒಣ ಕೊಂಬೆ ಇಟ್ಟು ಸೊನ್ನೆಗೆ ತಂದು, ಪ್ರಾಣಿ ತಾನಾಗಿ ಅದರ ಮೇಲೆ ಹತ್ತುವಂತೆ ಮಾಡಿ, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ಬರೆದಿಡಿ.

## ಹುಳವನ್ನು ನೋಡುತ್ತದೆ, ಆದರೆ ನಾಲಿಗೆ ತಲುಪುತ್ತಿಲ್ಲ

ಆರೋಗ್ಯವಂತ ಗೋಸುಂಬೆಯ ನಾಲಿಗೆ ಅದರ ಮೈಯುದ್ದವನ್ನೂ ಮೀರಿ ಚಿಮ್ಮುತ್ತದೆ. ಎರಡೂ ಕಣ್ಣನ್ನು ಹುಳದ ಮೇಲೆ ನೆಟ್ಟು, ಬಾಯಿ ತುಸು ತೆರೆದು, ನಾಲಿಗೆಯ ತುದಿ ಹೊರಬಂದು ಅಲ್ಲೇ ನಿಂತುಬಿಟ್ಟರೆ, ಅಥವಾ ಹೊಡೆದ ನಾಲಿಗೆ ಹುಳಕ್ಕಿಂತ ಮೊದಲೇ ಬಿದ್ದುಬಿಟ್ಟರೆ, ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು. ಸ್ನಾಯುಗಳು ಸರಿಯಾಗಿ ಸಂಕುಚಿಸಲು ಕ್ಯಾಲ್ಸಿಯಂ ಬೇಕಾಗುವುದರಿಂದ, ಮೂಳೆ ಬಾಗುವುದಕ್ಕೆ ಮೊದಲೇ ನಾಲಿಗೆ ಸೋಲುವುದುಂಟು.

ಖರ್ಚಿಲ್ಲದ ತಪಾಸಣೆಯಿಂದ ಆರಂಭಿಸಿ. ಬೆಳಗ್ಗೆ ದೀಪ ಹತ್ತಿಸಿದ ಕೂಡಲೇ, ಮೈ ಇನ್ನೂ ತಣ್ಣಗಿರುವಾಗ ಹುಳ ಬಿಟ್ಟಿದ್ದರೆ, ಒಂದೆರಡು ಗಂಟೆ ತಡೆದು ಪುನಃ ಕೊಟ್ಟು ನೋಡಿ. ಹುಳದ ಗಾತ್ರ ಗೋಸುಂಬೆಯ ತಲೆಯ ಅಗಲಕ್ಕಿಂತ ದೊಡ್ಡದಿರಬಾರದು. ಹಿಂದಿನ ದಿನ ಸಾಕಷ್ಟು ನೀರು ಕುಡಿದಿದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ಬಾಯಿ ಒಣಗಿದಾಗ ನಾಲಿಗೆಯ ಅಂಟು ಕಡಿಮೆಯಾಗಿ, ತಗುಲಿದ ಹುಳವೂ ಜಾರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರು, ಬಳ್ಳಾರಿ ಕಡೆ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಗೋಸುಂಬೆಯು ಬಟ್ಟಲಿನ ನೀರನ್ನು ಗುರುತಿಸುವುದಿಲ್ಲವಾದ್ದರಿಂದ ಬೆಳಗ್ಗೆ ಮತ್ತು ಸಂಜೆ ಎಲೆಗಳ ಮೇಲೆ ಹನಿ ನಿಲ್ಲುವಂತೆ ಹಲವು ನಿಮಿಷ ನೀರು ಸಿಂಪಡಿಸಬೇಕು.

ಇವೆಲ್ಲ ಸರಿಯಿದ್ದು, ನಾಲಿಗೆ ಮತ್ತೆ ಮತ್ತೆ ಸೋಲುತ್ತಿದ್ದರೆ ದೀಪದ ವಿಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಹುಳವನ್ನು ಚಿಕ್ಕ ಬಟ್ಟಲಿನಲ್ಲಿಟ್ಟು ಹತ್ತಿರ ಹಿಡಿಯಿರಿ. ನಾಲಿಗೆ ಹೊರಗೆ ಜೋತುಬಿದ್ದು ಒಳಗೆ ಹೋಗದಿದ್ದರೆ ಅದು ತುರ್ತು ಸ್ಥಿತಿ. ಬೆರಳಿನಿಂದ ಒಳಗೆ ತಳ್ಳದೆ, ಶುದ್ಧ ನೀರಿನ ಹನಿಯಿಂದ ತೇವವಾಗಿಟ್ಟು, ಅದೇ ದಿನ ವೈದ್ಯರಿಗೆ ತೋರಿಸಿ.

## ಪುಡಿ ಹಚ್ಚಿದ ಹುಳವನ್ನು ಮುಟ್ಟುತ್ತಿಲ್ಲ

ಇಲ್ಲಿ ತಪ್ಪು ಬಹುಪಾಲು ಹಚ್ಚುವ ರೀತಿಯಲ್ಲಿ ಇರುತ್ತದೆ. ಹುಳಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದು ಚಿಟಿಕೆ ಪುಡಿ ಸೇರಿಸಿ, ಮೆಲ್ಲಗೆ ಅಲುಗಾಡಿಸಿದರೆ, ರೊಟ್ಟಿ ಬಡಿಯುವಾಗ ಅಂಗೈಗೆ ಅಂಟಿ ಉಳಿಯುವ ಜೋಳದ ಹಿಟ್ಟಿನಷ್ಟು ತೆಳುವಾದ ಲೇಪ ಬರುತ್ತದೆ, ಅಷ್ಟೇ ಬೇಕಾದದ್ದು. ಹುಳದ ಬಣ್ಣವೇ ಕಾಣದಂತೆ ಬೆಳ್ಳಗಾದರೆ ಗೋಸುಂಬೆ ಅದನ್ನು ಆಹಾರವೆಂದು ಒಪ್ಪುವುದಿಲ್ಲ, ಪುಡಿ ಕಣ್ಣಿಗೂ ಹಾರುತ್ತದೆ. ಹಚ್ಚಿದ ಹುಳವನ್ನು ಕೂಡಲೇ ಕೊಡಬೇಕು. ಮಿಡತೆಯನ್ನು ಹೋಲುವ ಕ್ರಿಕೆಟ್ ಹುಳ ಕೆಲವೇ ನಿಮಿಷಗಳಲ್ಲಿ ಮೈಯನ್ನೆಲ್ಲ ಉಜ್ಜಿಕೊಂಡು ಪುಡಿ ಉದುರಿಸಿಬಿಡುತ್ತದೆ. ಮುಂಜಾನೆ ಗೂಡಿನಲ್ಲಿ ಬಿಟ್ಟ ಹುಳವನ್ನು ಗೋಸುಂಬೆ ಮಧ್ಯಾಹ್ನ ತಿಂದರೆ ಅದರ ಹೊಟ್ಟೆಗೆ ಸೇರಿದ್ದು ಬರೀ ಹುಳ.

ನಂತರ ಡಬ್ಬಿಯ ಹಿಂಬದಿಯನ್ನು ಓದಿ. ನಿತ್ಯ ಬಳಕೆಗೆ ಬೇಕಾದದ್ದು ರಂಜಕವಿಲ್ಲದ, ಡಿ3 ಇಲ್ಲದ, ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹಲವು ಪಟ್ಟು ಹೆಚ್ಚಿರುತ್ತದೆ, ಆದರೆ ಗೋಸುಂಬೆಯ ಆಹಾರದಲ್ಲಿ ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕದ ಆಸುಪಾಸು ಇರಬೇಕು. ಆದ್ದರಿಂದ ಪುಡಿಯಲ್ಲಿ ಇನ್ನಷ್ಟು ರಂಜಕ ಬೆರೆತಿದ್ದರೆ ಉದ್ದೇಶವೇ ಕೆಡುತ್ತದೆ. ಅವಧಿ ಮೀರಿದ, ತೇವ ಹಿಡಿದು ಗಟ್ಟಿಯಾದ ಪುಡಿಯನ್ನು, ವಿಶೇಷವಾಗಿ ಜೀವಸತ್ವ ಬೆರೆಸಿದ್ದನ್ನು, ಎಸೆದುಬಿಡಿ. ನಮ್ಮ ಬೇಸಿಗೆಯಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟ ಜೀವಸತ್ವದ ಡಬ್ಬಿ ಅವಧಿಗೆ ಮೊದಲೇ ಶಕ್ತಿ ಕಳೆದುಕೊಳ್ಳುತ್ತದೆ.

ಬದಲಿ ವಸ್ತುಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎಲೆಯಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ ತಾನೇ ಎಂದು ಬಳಸಬೇಡಿ. ಅದು ಕ್ಷಾರ, ಗೋಸುಂಬೆಯ ಬಾಯಿ, ಗಂಟಲು, ಕಣ್ಣುಗಳನ್ನು ಸುಡುತ್ತದೆ. ಪಶು ಔಷಧಿ ಅಂಗಡಿಯಲ್ಲಿ ಹಸು ಎಮ್ಮೆಗಳಿಗೆಂದು ಕೊಡುವ ಖನಿಜ ಮಿಶ್ರಣದಲ್ಲಿ ರಂಜಕವೂ ತಾಮ್ರ, ಸತುವಿನಂಥ ಲೋಹಗಳೂ ಇರುತ್ತವೆ, ಕ್ಯಾಲ್ಸಿಯಂ ಟಾನಿಕ್‌ನ ಅಳತೆಯೋ ನೂರಾರು ಕಿಲೋ ತೂಕದ ಪ್ರಾಣಿಗೆ ಮಾಡಿದ್ದು. ಮನುಷ್ಯರ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಡಿ3 ಸೇರಿರುವುದೇ ಹೆಚ್ಚು, ನೂರು ಗ್ರಾಂ ತೂಗುವ ಜೀವಿಗೆ ಅದನ್ನು ಪುಡಿಮಾಡಿ ಹಾಕುವುದು ಅಪಾಯ. ಹಾಲು ಸರೀಸೃಪಗಳಿಗೆ ಜೀರ್ಣವಾಗುವುದಿಲ್ಲ. ಸರಿಯಾದ ಪುಡಿ ಬರುವವರೆಗೆ ಕೆಲದಿನ ಕಳೆಯಬೇಕಾದರೆ, ಕೋಳಿಮೊಟ್ಟೆಯ ಚಿಪ್ಪನ್ನು ಕುದಿಸಿ, ಒಳಪೊರೆ ತೆಗೆದು, ಒಣಗಿಸಿ, ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿದ ಪುಡಿ ನಡೆಯುತ್ತದೆ, ಏಕೆಂದರೆ ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ.

ಹುಳದ ಮೈಗೆ ಹಚ್ಚುವುದಕ್ಕಿಂತ ಹುಳದ ಹೊಟ್ಟೆಯೊಳಗೆ ಇರುವುದು ಮುಖ್ಯ ಎಂದು ನಾನು ನಂಬಿದ್ದೇನೆ. ಗೋಸುಂಬೆಗೆ ಕೊಡುವ 24ರಿಂದ 48 ಗಂಟೆ ಮೊದಲು ಹುಳಗಳಿಗೆ ತಾಜಾ ನುಗ್ಗೆಸೊಪ್ಪು, ದಾಸವಾಳದ ಎಲೆ, ತುರಿದ ಗಜ್ಜರಿ ಕೊಡಿ. ನುಗ್ಗೆ ನಮ್ಮ ಹಿತ್ತಲುಗಳಲ್ಲೇ ಬೆಳೆಯುತ್ತದೆ, ಕ್ಯಾಲ್ಸಿಯಂ ಸಮೃದ್ಧವಾಗಿದೆ. ಪಾಲಕ್ ಮತ್ತು ರಾಜಗಿರಿಯಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವನ್ನೇ ನಿತ್ಯ ಕೊಡಬಾರದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳಿಂದ, ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಿಂದ ಮಿಡತೆ ಹಿಡಿದು ತಂದು ಕೊಡಬೇಡಿ. ಅಲ್ಲಿ ಕೀಟನಾಶಕ ಸಿಂಪಡಣೆ ಸಾಮಾನ್ಯ, ಮತ್ತು ಕೀಟನಾಶಕದ ವಿಷದಿಂದ ಬರುವ ನಡುಕ ಕ್ಯಾಲ್ಸಿಯಂ ಕೊರತೆಯ ನಡುಕದಂತೆಯೇ ಕಾಣುವುದರಿಂದ ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ. ಮನೆಯ ಜಿರಳೆಗೂ ಇದೇ ಮಾತು ಅನ್ವಯಿಸುತ್ತದೆ. ರೇಷ್ಮೆ ಹುಳು ಮೆತ್ತನೆಯ ಒಳ್ಳೆಯ ಆಹಾರ, ಆದರೆ ಸಾಕಣೆ ಮನೆಯಿಂದ ತರುವುದಾದರೆ ಹುಳುಗಳ ಹಾಸಿಗೆಗೆ ಸೋಂಕುನಿವಾರಕ ಪುಡಿ ಎರಚಿದ್ದಾರೆಯೇ ಎಂದು ಕೇಳಿ, ಎರಚಿದ್ದರೆ ಬಿಟ್ಟುಬಿಡಿ.

## ಕೊಂಬೆಯ ಹಿಡಿತ ತಪ್ಪುತ್ತಿದೆ, ಮುಂಗೈ ಬಾಗಿದೆ

ಮುಂಜಾನೆ ಗೋಸುಂಬೆ ಕೊಂಬೆಯ ಮೇಲೆ ನಡೆಯುವಾಗ ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ ನಿಂತು ನೋಡಿ. ಸರಿಯಿರುವ ಪ್ರಾಣಿ ಹೊಟ್ಟೆಯನ್ನು ಕೊಂಬೆಯಿಂದ ಎತ್ತಿಕೊಂಡು ನಡೆಯುತ್ತದೆ. ಮೂಳೆ ದುರ್ಬಲವಾದ ಪ್ರಾಣಿ ಹೊಟ್ಟೆಯನ್ನು ಕೊಂಬೆಗೆ ಒರಗಿಸಿ ಎಳೆದುಕೊಂಡು ಸಾಗುತ್ತದೆ, ಮೊಣಕೈಗಳು ಹೊರಕ್ಕೆ ಚಾಚಿಕೊಳ್ಳುತ್ತವೆ, ಬಾಲ ಸುತ್ತಿಕೊಂಡು ಆಧಾರ ಹುಡುಕುತ್ತಲೇ ಇರುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಹಿಂದಿನಿಂದ ಬೆಳಕು ಬೀಳುವಂತೆ ನೋಡಿದಾಗ, ನೇರವಾಗಿರಬೇಕಾದ ಮೂಳೆ ಬಿಲ್ಲಿನ ಆಕಾರಕ್ಕೆ ತಿರುಗಿರುವುದು ಗೊತ್ತಾಗುತ್ತದೆ. ಬಾಯಿ ಮುಚ್ಚಿದಾಗ ಮೇಲಿನ ಮತ್ತು ಕೆಳಗಿನ ದವಡೆಯ ಅಂಚು ಒಂದಕ್ಕೊಂದು ಕೂಡದೆ ಸಂದು ಉಳಿಯುವುದು, ಕೆಳದವಡೆ ರಬ್ಬರಿನಂತೆ ಮಣಿಯುವುದು, ತಲೆಯ ಮೇಲಿನ ಜುಟ್ಟು ಒಂದು ಪಕ್ಕಕ್ಕೆ ವಾಲುವುದು ಮುಂದಿನ ಹಂತದ ಚಿಹ್ನೆಗಳು. ದವಡೆಯನ್ನು ಒತ್ತಿ ಪರೀಕ್ಷಿಸಲು ಹೋಗಬೇಡಿ, ಬಾಗಿದ ಕೈಯನ್ನು ನೇರಮಾಡಲೂ ಹೋಗಬೇಡಿ. ಅಂಥ ಮೂಳೆ ಸಣ್ಣ ಒತ್ತಡಕ್ಕೂ ಮುರಿಯುತ್ತದೆ.

ಇದನ್ನು ಹೋಲುವ ಇನ್ನೆರಡು ತೊಂದರೆಗಳಿವೆ. ಬಾಗು ಮೂಳೆಯ ನಡುಭಾಗದಲ್ಲಿ ಇಲ್ಲದೆ ಕೀಲಿನಲ್ಲಿ ಗಟ್ಟಿಯಾದ ಊತ ಇದ್ದು, ಮುಟ್ಟಿದರೆ ಪ್ರಾಣಿ ನೋವಿನಿಂದ ಕಪ್ಪಾಗುತ್ತಿದ್ದರೆ, ಅದು ಯೂರಿಕ್ ಆಮ್ಲ ಕೂಡುವ ಗೌಟ್ ಆಗಿರಬಹುದು. ನೀರಿನ ಕೊರತೆ ಮತ್ತು ಮೂತ್ರಪಿಂಡದ ಕಾಯಿಲೆಯಿಂದ ಬರುವ ಆ ತೊಂದರೆಗೆ ಕ್ಯಾಲ್ಸಿಯಂ ಹೆಚ್ಚಿಸಿದರೆ ಕೇಡೇ ಆಗುತ್ತದೆ. ಒಂದೇ ಕಾಲಿನಲ್ಲಿ, ಇದ್ದಕ್ಕಿದ್ದಂತೆ, ಎತ್ತರದಿಂದ ಬಿದ್ದ ಮೇಲೆ ಕಾಣಿಸಿಕೊಂಡದ್ದು ಬರೀ ಮುರಿತವಿರಬಹುದು, ಆದರೆ ಮೂಳೆ ಮುಂಚೆಯೇ ಸಡಿಲಗೊಂಡಿತ್ತೇ ಎಂಬುದು ಎಕ್ಸ್‌ರೇಯಿಂದ ಮಾತ್ರ ತಿಳಿಯುತ್ತದೆ.

ಈ ಲಕ್ಷಣ ಕಂಡವರು ಅಂದೇ ಮಾಡಬೇಕಾದ ಕೆಲಸವೆಂದರೆ ಗೂಡಿನ ಎತ್ತರದ ಕೊಂಬೆಗಳನ್ನು ಕೆಳಗಿಳಿಸಿ, ಸಮತಲವಾಗಿ ಕಟ್ಟಿ, ನೆಲಕ್ಕೆ ಮೆತ್ತನೆಯ ಬಟ್ಟೆ ಹಾಸುವುದು. ಹಾಗೆ ಕೊಂಬೆ ಇಳಿಸಿದಾಗ ದೀಪವನ್ನೂ ಅದೇ ಅಂತರದಲ್ಲಿ ಕೆಳಗೆ ತರಬೇಕೆಂಬುದನ್ನು ಮರೆಯಬಾರದು. ಪ್ರಾಣಿಯನ್ನು ಕೊಂಬೆಯಿಂದ ಎಳೆದು ಬಿಡಿಸದೆ, ಕೊಂಬೆಯ ಸಮೇತ ಎತ್ತಿಕೊಳ್ಳಿ.

## ಪುಡಿ, ಹುಳ ಎಲ್ಲ ಸರಿಯಿದ್ದರೂ ಲಕ್ಷಣ ಇಳಿಯುತ್ತಿಲ್ಲ

ಈಗ ದೀಪವನ್ನು ನೋಡುವ ಸಮಯ. ನಿಮ್ಮ ಗೂಡಿನ ಮೇಲಿರುವುದು ನಿಜವಾಗಿಯೂ ಸರೀಸೃಪಗಳಿಗಾಗಿ ತಯಾರಿಸಿದ ಯುವಿಬಿ ಟ್ಯೂಬ್ ಹೌದೇ? ಮನೆಯ ಎಲ್‌ಇಡಿ, ಸಾಮಾನ್ಯ ಟ್ಯೂಬ್‌ಲೈಟ್, ಕೆಂಪು ಬಣ್ಣದ ಶಾಖದ ಬಲ್ಬ್ ಇವುಗಳಿಂದ ಉಪಯುಕ್ತ ಯುವಿಬಿ ಬರುವುದಿಲ್ಲ. ನೀರು ಶುದ್ಧೀಕರಣ ಯಂತ್ರದಲ್ಲಿ ಬಳಸುವ ಯುವಿ ದೀಪವನ್ನಂತೂ ಎಂದಿಗೂ ಹಾಕಬೇಡಿ. ಅದರಿಂದ ಹೊರಡುವುದು ಯುವಿಸಿ ಕಿರಣ, ಅದು ಪ್ರಾಣಿಯ ಕಣ್ಣನ್ನೂ ಚರ್ಮವನ್ನೂ, ನಿಮ್ಮ ಕಣ್ಣನ್ನೂ ಸುಡುತ್ತದೆ.

ಸರಿಯಾದ ಟ್ಯೂಬ್ ಇದ್ದರೆ ಅದರ ವಯಸ್ಸು ನೋಡಿ. ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಯುವಿಬಿ ತಿಂಗಳುಗಳು ಕಳೆದಂತೆ ಕುಗ್ಗುತ್ತ ಹೋಗುತ್ತದೆ. ಟಿ5 ಎಂಬ ತೆಳ್ಳನೆಯ ಉದ್ದ ಟ್ಯೂಬನ್ನು ವರ್ಷಕ್ಕೊಮ್ಮೆ, ಸುರುಳಿ ಆಕಾರದ ಚಿಕ್ಕ ದೀಪವನ್ನು 6 ತಿಂಗಳಿಗೊಮ್ಮೆ ಬದಲಿಸುವುದು ವಾಡಿಕೆ. ಹಾಕಿದ ದಿನಾಂಕವನ್ನು ಟ್ಯೂಬಿನ ತುದಿಯ ಲೋಹದ ಟೋಪಿಯ ಮೇಲೆ ಮಾರ್ಕರ್‌ನಿಂದ ಬರೆಯಿರಿ. ಸುರುಳಿ ದೀಪ ಬಹಳ ಚಿಕ್ಕ ಜಾಗಕ್ಕೆ ಮಾತ್ರ ಕಿರಣ ಬೀರುವುದರಿಂದ, ಗೋಸುಂಬೆಯಂಥ ಓಡಾಡುವ ಜೀವಿಗೆ ಉದ್ದನೆಯ ಟ್ಯೂಬೇ ಮೇಲು. ಸುಮಾರು 6 ಶೇಕಡಾ ಯುವಿಬಿಯ ಟಿ5 ಟ್ಯೂಬಿನಿಂದ ಪ್ರಾಣಿಯ ಬೆನ್ನಿಗೆ 20ರಿಂದ 25 ಸೆಂಟಿಮೀಟರ್ ಅಂತರವಿರಲಿ. ಯುವಿ ಸೂಚ್ಯಂಕ ಅಳೆಯುವ ಮಾಪಕ ಸಿಕ್ಕಿದರೆ, ಬಿಸಿಲು ಕಾಯುವ ಕೊಂಬೆಯ ಮೇಲೆ 3ರ ಆಸುಪಾಸು ತೋರಿಸಬೇಕು.

ನಡುವೆ ಏನಿದೆ ಎಂಬುದು ಮುಂದಿನ ಪ್ರಶ್ನೆ. ಕಿಟಕಿಯ ಗಾಜು ಯುವಿಬಿಯನ್ನು ಬಹುಮಟ್ಟಿಗೆ ಪೂರ್ತಿ ತಡೆಯುತ್ತದೆ, ಆದ್ದರಿಂದ ಗಾಜಿನ ಹಿಂದೆ ಬೀಳುವ ಬಳ್ಳಾರಿಯ ಖಡಕ್ ಬಿಸಿಲೂ ಮೂಳೆಗೆ ಉಪಯೋಗವಿಲ್ಲ. ಗೂಡಿನ ಮೇಲಿನ ಲೋಹದ ಜಾಲರಿ ಮೂರನೇ ಒಂದರಷ್ಟು ಕಿರಣವನ್ನು ನುಂಗಬಹುದು, ಸೊಳ್ಳೆಗೆಂದು ಅದರ ಮೇಲೆ ಇನ್ನೊಂದು ಒತ್ತು ಜಾಲರಿ ಹೊದಿಸಿದರೆ ಮತ್ತಷ್ಟು ಕಡಿಮೆಯಾಗುತ್ತದೆ. ರಾಯಚೂರು, ಬಳ್ಳಾರಿಯ ಧೂಳಿನಲ್ಲಿ ಟ್ಯೂಬಿನ ಮೇಲೆ ಕೂರುವ ಪದರವನ್ನೂ ವಾರಕ್ಕೊಮ್ಮೆ, ವಿದ್ಯುತ್ ತೆಗೆದು, ಟ್ಯೂಬ್ ತಣ್ಣಗಾದ ಬಳಿಕ, ಒಣ ಬಟ್ಟೆಯಿಂದ ಒರೆಸಬೇಕು. ನೀರು ಸಿಂಪಡಿಸುವ ಗೂಡಿನಲ್ಲಿ ವಿದ್ಯುತ್ ಇರುವುದರಿಂದ ವೈರಿನ ಕೂಡಿಕೆಗಳು ಗೂಡಿನ ಹೊರಗೆ, ಮೇಲ್ಮಟ್ಟದಲ್ಲೇ ಇರಲಿ.

ನಮ್ಮ ಜಿಲ್ಲೆಗಳಿಗೇ ವಿಶೇಷವೆನಿಸುವ ಒಂದು ದೋಷ ಬೇಸಿಗೆಯಲ್ಲಿ ಹುಟ್ಟುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಕೋಣೆಯೂ ಕಾಯ್ದಾಗ, ಮನೆಯವರು ಶಾಖಕ್ಕೆ ಹೆದರಿ ಗೂಡಿನ ದೀಪವನ್ನು ದಿನವಿಡೀ ಆರಿಸಿಬಿಡುತ್ತಾರೆ. ಶಾಖ ಮತ್ತು ಯುವಿಬಿ ಎರಡನ್ನೂ ಕೊಡುವ ಒಂದೇ ಬಲ್ಬ್ ಇದ್ದರಂತೂ ಮಾರ್ಚ್‌ನಿಂದ ಜೂನ್‌ವರೆಗೆ ಪ್ರಾಣಿಗೆ ಯುವಿಬಿಯೇ ಸಿಗುವುದಿಲ್ಲ. ಜೂನ್‌ನಲ್ಲಿ ಕೈ ಬಾಗಿದಾಗ ಕಾರಣ ಹೊಳೆಯುವುದೂ ಇಲ್ಲ. ಆದ್ದರಿಂದ ಇಲ್ಲಿನ ಹವೆಗೆ ಎರಡನ್ನೂ ಬೇರೆ ಬೇರೆ ಇಡಲೇಬೇಕು. ಬಿಸಿಲು ಕಾಯುವ ಜಾಗದಲ್ಲಿ ಬೆಳೆದ ವೇಲ್ಡ್ ಗೋಸುಂಬೆಗೆ 30ರಿಂದ 32 ಡಿಗ್ರಿ, ಮರಿಗೆ ಅದಕ್ಕಿಂತ ತುಸು ಕಡಿಮೆ ಸಾಕು. ಕೋಣೆಯೇ ಅಷ್ಟು ಕಾಯ್ದಿರುವ ದಿನ ಶಾಖದ ಬಲ್ಬ್ ಆರಿಸಿ, ಯುವಿಬಿ ಟ್ಯೂಬನ್ನು ದಿನಕ್ಕೆ 12 ಗಂಟೆಯ ಎಂದಿನ ಲೆಕ್ಕದಲ್ಲೇ ಉರಿಸಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಏರ್ ಕೂಲರ್‌ನ ಗಾಳಿ ನೇರವಾಗಿ ಬಡಿಯುವಂತೆ ಗೂಡು ಇಟ್ಟರೆ ಪ್ರಾಣಿಯ ಮೈ ಬೆಚ್ಚಗಾಗದೆ, ಜೀರ್ಣವೂ ಆಗದೆ, ಕ್ಯಾಲ್ಸಿಯಂ ಹೀರುವ ಕೆಲಸ ನಿಲ್ಲುತ್ತದೆ.

ವಿದ್ಯುತ್ ಪದೇ ಪದೇ ಹೋಗುವ ಊರಿನವರಿಗೆ ನಿಜವಾದ ಬಿಸಿಲೇ ಒಳ್ಳೆಯ ಆಸರೆ. ಬೇಸಿಗೆಯಲ್ಲಿ ಬೆಳಗ್ಗೆ 8ರಿಂದ 9ರ ನಡುವೆ 20 ನಿಮಿಷ, ಎಲ್ಲ ಕಡೆ ಜಾಲರಿಯಿರುವ ಗೂಡಿನಲ್ಲಿ, ಅರ್ಧ ಭಾಗಕ್ಕೆ ಎಲೆಯ ನೆರಳು ಮಾಡಿ, ನೀರು ಸಿಂಪಡಿಸಿ, ಪಕ್ಕದಲ್ಲೇ ನಿಂತು ಬಿಸಿಲು ಕೊಡಿ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಸಾಯುತ್ತದೆ. ಮಾಳಿಗೆಯ ಫರ್ಸಿ ಕಲ್ಲಿನ ಮೇಲೆ ಗೂಡು ಇಡಬೇಡಿ, ಅದರ ಝಳ ಕೆಳಗಿನಿಂದ ಏರುತ್ತದೆ. ಬಣ್ಣ ತಿಳಿಯಾಗಿ, ಬಾಯಿ ತೆರೆದು ಕೂತರೆ ಸಾಕಾಯಿತೆಂದು ತಿಳಿದು ಕೂಡಲೇ ಒಳಗೆ ತನ್ನಿ. ಕಾಗೆ ಮತ್ತು ಬೆಕ್ಕಿನ ಮೇಲೆ ಕಣ್ಣಿಡಿ.

ಬೋರ್‌ವೆಲ್ ನೀರಿನ ಗಡಸುತನ ಕ್ಯಾಲ್ಸಿಯಂ ಕೊರತೆ ನೀಗಿಸುತ್ತದೆ ಎಂಬ ನಂಬಿಕೆಯೂ ಕೆಲವರಲ್ಲಿದೆ. ಗೋಸುಂಬೆ ಕುಡಿಯುವ ಹನಿಗಳ ಲೆಕ್ಕದಲ್ಲಿ ಅದು ನಗಣ್ಯ. ಗಡಸು ನೀರು ಮಾಡುವ ನಿಜವಾದ ಹಾನಿಯೆಂದರೆ ಸಿಂಪಡಿಸುವ ಯಂತ್ರದ ತೂತುಗಳಲ್ಲಿ ಬಿಳಿ ಪದರ ಕಟ್ಟಿ, ಹನಿ ಕಡಿಮೆಯಾಗಿ, ಪ್ರಾಣಿ ನೀರಡಿಸುವುದು. ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

## ಹೆಣ್ಣು ನೆಲ ಕೆದರುತ್ತಿದೆ, ತಿನ್ನುವುದನ್ನು ನಿಲ್ಲಿಸಿದೆ

ವೇಲ್ಡ್ ಹೆಣ್ಣು ಗಂಡಿನ ಜೊತೆ ಇಲ್ಲದೆಯೂ ಮೊಟ್ಟೆ ಇಡುತ್ತದೆ, ಒಮ್ಮೆಗೆ ಹತ್ತಾರು ಮೊಟ್ಟೆಗಳು ಬರುವುದರಿಂದ ಅವುಗಳ ಚಿಪ್ಪಿಗಾಗಿ ಮೈಯಿಂದ ಬಹಳಷ್ಟು ಕ್ಯಾಲ್ಸಿಯಂ ಹೋಗುತ್ತದೆ. ಕೊರತೆಯಿದ್ದ ಹೆಣ್ಣಿಗೆ ಮೊಟ್ಟೆ ಹೊರದೂಡುವ ಸ್ನಾಯುಬಲವೇ ಉಳಿಯದೆ ಮೊಟ್ಟೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಹೊಟ್ಟೆ ಉಬ್ಬಿ, ಗೂಡಿನ ತಳದಲ್ಲಿ ಅತ್ತಿತ್ತ ಓಡಾಡುತ್ತಿದ್ದರೆ, ಮೊದಲು ಕನಿಷ್ಠ 30 ಸೆಂಟಿಮೀಟರ್ ಆಳದ ಬಕೆಟ್‌ನಲ್ಲಿ, ಕೈಯಲ್ಲಿ ಹಿಡಿದರೆ ಮುದ್ದೆಯಾಗುವಷ್ಟು ತೇವದ, ತೊಳೆದ ಮರಳು ಹಾಕಿ ಗೂಡಿನೊಳಗಿಡಿ, ಗೂಡಿಗೆ ಬಟ್ಟೆಯ ಮರೆ ಕಟ್ಟಿ. ಸುರಂಗ ತೋಡುವಾಗ ಯಾರಾದರೂ ಇಣುಕಿದರೆ ಅದು ಕೆಲಸ ಬಿಟ್ಟುಬಿಡುತ್ತದೆ. ತೋಡಿ ತೋಡಿ ಮೊಟ್ಟೆ ಇಡದೆ ಸುಸ್ತಾಗಿ, ಹಗಲಿನಲ್ಲಿ ಕಣ್ಣು ಮುಚ್ಚಿ ನೆಲದ ಮೇಲೆ ಕೂತರೆ ಕಾಯಬೇಡಿ. ಹೊಟ್ಟೆ ಒತ್ತಬೇಡಿ, ಎಣ್ಣೆ ಹಚ್ಚಬೇಡಿ. ಅಂದೇ ವೈದ್ಯರ ಬಳಿಗೆ ಹೋಗಬೇಕು.

## ಕಣ್ಣು ಊದಿ ಮುಚ್ಚಿಕೊಂಡಿದೆ

ಇದು ಸಾಮಾನ್ಯವಾಗಿ ಕ್ಯಾಲ್ಸಿಯಂ ದೋಷವಲ್ಲ. ಎ ಜೀವಸತ್ವದ ಕೊರತೆ, ಸೋಂಕು, ಕಣ್ಣಿಗೆ ಬಿದ್ದ ಪುಡಿ, ಅತಿ ಹತ್ತಿರದ ದೀಪ ಇವುಗಳಲ್ಲೊಂದು ಕಾರಣವಿರುತ್ತದೆ. ಸಿಂಪಡಣೆಯ ಅವಧಿ ಹೆಚ್ಚಿಸಿ, ದೀಪದ ಅಂತರ ಅಳೆಯಿರಿ. ಎರಡು ದಿನದಲ್ಲಿ ಇಳಿಯದಿದ್ದರೆ ತೋರಿಸಿ. ಎ ಜೀವಸತ್ವದ ಹನಿಗಳನ್ನು ಸ್ವಂತ ಅಂದಾಜಿನಿಂದ ಹಾಕಬೇಡಿ, ಹೆಚ್ಚಾದರೆ ಅದೂ ವಿಷ.

## ಕುತ್ತಿಗೆ ಊದಿದೆ, ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದೆ

ಕೊರತೆಗೆ ಹೆದರಿ ಪುಡಿ ಹೆಚ್ಚಿಸಿದವರ ಮನೆಯಲ್ಲಿ ಕಾಣುವ ಲಕ್ಷಣಗಳಿವು. ಹಿಕ್ಕೆಯ ಜೊತೆಗಿನ ಯೂರೇಟ್ ಭಾಗ ಬೆಳ್ಳಗೆ ಅಥವಾ ತುದಿಯಲ್ಲಿ ಮಾತ್ರ ಹಳದಿಯಾಗಿದ್ದರೆ ಸರಿ. ಪೂರ್ತಿ ಕಡು ಕಿತ್ತಳೆಯಾಗಿ ಗಟ್ಟಿಯಾಗಿದ್ದರೆ ನೀರು ಸಾಲದೆಂದು ಅರ್ಥ, ಹಾಗಾಗಿ ಮೊದಲು ಮಾಡಬೇಕಾದದ್ದು ಸಿಂಪಡಣೆ ಹೆಚ್ಚಿಸುವುದು. ಕುತ್ತಿಗೆಯ ಸುತ್ತ ಕಾಲರ್‌ನಂತೆ ನೀರು ತುಂಬಿದ ಊತ ಕಂಡರೆ ಅತಿಯಾದ ಜೀವಸತ್ವ ಅಥವಾ ಅತಿಯಾದ ಆಹಾರದ ಅನುಮಾನ ಪಡಬೇಕು. ಡಿ3 ಇರುವ ಪುಡಿಯನ್ನೂ ಬಹುಜೀವಸತ್ವದ ಪುಡಿಯನ್ನೂ ತಕ್ಷಣ ನಿಲ್ಲಿಸಿ, ಬಳಸಿದ ಡಬ್ಬಿಗಳನ್ನು ವೈದ್ಯರಿಗೆ ತೋರಿಸಲು ಎತ್ತಿಡಿ.

ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ3ಯನ್ನು ದೇಹವೇ ಹದದಲ್ಲಿಡುತ್ತದೆ, ಬಾಯಿಯಿಂದ ಹೋದದ್ದಕ್ಕೆ ಆ ಹಿಡಿತವಿಲ್ಲ. ಹೆಚ್ಚಾದ ಡಿ3 ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ, ಮೂತ್ರಪಿಂಡ ಮತ್ತು ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟಿಸುತ್ತದೆ, ಆ ಹಾನಿಯನ್ನು ಹಿಂದಿರುಗಿಸಲಾಗದು. ಒಳ್ಳೆಯ ಯುವಿಬಿ ಟ್ಯೂಬ್ ಇರುವ ಆರೋಗ್ಯವಂತ ಗೋಸುಂಬೆಗೆ ಸಾಮಾನ್ಯವಾಗಿ ಅನುಸರಿಸುವ ಕ್ರಮವೆಂದರೆ, ಪ್ರತಿ ಊಟಕ್ಕೂ ಡಿ3 ಇಲ್ಲದ ಕ್ಯಾಲ್ಸಿಯಂನ ತೆಳು ಲೇಪ, ತಿಂಗಳಿಗೆ ಎರಡು ಸಲ ಡಿ3 ಇರುವ ಕ್ಯಾಲ್ಸಿಯಂ, ಬೇರೆ ಎರಡು ಸಲ ಬಹುಜೀವಸತ್ವ. ಮರಿಗಳಿಗೆ ನಿತ್ಯ ಊಟ, ಬೆಳೆದವಕ್ಕೆ ಎರಡು ಅಥವಾ ಮೂರು ದಿನಕ್ಕೊಮ್ಮೆ.

## ಯಾವಾಗ ಕೈಬಿಟ್ಟು ವೈದ್ಯರ ಬಳಿ ಹೋಗಬೇಕು

ಬೆರಳು, ಕೈಕಾಲು ಅಥವಾ ಬಾಲ ನಡುಗುತ್ತಿದ್ದರೆ, ಸೆಟೆದುಕೊಳ್ಳುತ್ತಿದ್ದರೆ, ಪ್ರಾಣಿ ಕೊಂಬೆಯಲ್ಲಿ ನಿಲ್ಲಲಾರದೆ ಮತ್ತೆ ಮತ್ತೆ ಬೀಳುತ್ತಿದ್ದರೆ, ದವಡೆ ಮಣಿಯುತ್ತಿದ್ದರೆ, ಹಗಲಿನಲ್ಲಿ ಕಣ್ಣು ಮುಚ್ಚಿ ಮಲಗುತ್ತಿದ್ದರೆ, ಮನೆಯ ತಪಾಸಣೆ ಅಲ್ಲಿಗೆ ನಿಲ್ಲಬೇಕು. ಇಂಥ ಸ್ಥಿತಿಯಲ್ಲಿ ಬಾಯಿಗೆ ಬಲವಂತವಾಗಿ ದ್ರವ ಹಾಕಿದರೆ ಅದು ಶ್ವಾಸಕ್ಕೆ ಹೋಗುವ ಅಪಾಯವಿದೆ, ಮೆತ್ತನೆಯ ದವಡೆಯನ್ನು ತೆರೆಯುವಾಗ ಮುರಿಯುವ ಅಪಾಯವೂ ಇದೆ.

ನಮ್ಮ ಪಶು ಆಸ್ಪತ್ರೆಗಳ ವೈದ್ಯರು ದಿನವಿಡೀ ನೋಡುವುದು ದನಕರು, ಕುರಿ, ನಾಯಿಗಳನ್ನು. ಹೋಗುವ ಮೊದಲು ಫೋನ್ ಮಾಡಿ, ಸರೀಸೃಪ ನೋಡಿದ ಅನುಭವವಿದೆಯೇ, ಎಕ್ಸ್‌ರೇ ಸೌಲಭ್ಯವಿದೆಯೇ ಎಂದು ಕೇಳಿ. ಇಲ್ಲವೆಂದರೆ, ಬೀದರ್ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ತಜ್ಞರೊಂದಿಗೆ ಫೋನಿನಲ್ಲಿ ಚರ್ಚಿಸಿ ಚಿಕಿತ್ಸೆ ಆರಂಭಿಸುವಂತೆ ಸ್ಥಳೀಯ ವೈದ್ಯರನ್ನೇ ವಿನಂತಿಸಿಕೊಳ್ಳಬಹುದು. ಸೆಳೆತವಿರುವ ಪ್ರಾಣಿಯನ್ನು ಬೇಸಿಗೆಯಲ್ಲಿ ನೂರಾರು ಕಿಲೋಮೀಟರ್ ಒಯ್ಯುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ವೈದ್ಯರಿಗೆ ಬೇಕಾಗುವುದು ಇಂದಿನ ತೂಕ ಗ್ರಾಂಗಳಲ್ಲಿ, ಹಿಂದಿನ ವಾರಗಳ ತೂಕ, ದೀಪದ ವಿಧ ಮತ್ತು ಹಾಕಿದ ದಿನಾಂಕ, ಪುಡಿಯ ಡಬ್ಬಿಗಳು, ಗೂಡಿನ ಫೋಟೊ, ನಡುಗುವಾಗ ತೆಗೆದ ಚಿಕ್ಕ ವಿಡಿಯೊ. ಔಷಧದ ಅಳತೆಯೆಲ್ಲ ತೂಕದ ಮೇಲೆ ನಿಂತಿರುವುದರಿಂದ ಅಂದಾಜಿನ ತೂಕ ಹೇಳಬೇಡಿ.

ಪ್ರಯಾಣವನ್ನು ನಸುಕಿನಲ್ಲಿ ಮಾಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯ ತಳಕ್ಕೆ ಒದ್ದೆ ಟವೆಲ್ ಹಾಸಿ, ಮಡಿಚಿದ ಒಣ ಬಟ್ಟೆಯನ್ನು ಅದರ ಮೇಲಿಟ್ಟು, ಹಿಡಿದುಕೊಳ್ಳಲು ತೆಳ್ಳನೆಯ ಕೊಂಬೆಯನ್ನು ಕೆಳಮಟ್ಟದಲ್ಲೇ ಕಟ್ಟಿ. ನಿಲ್ಲಿಸಿದ ವಾಹನದೊಳಗೆ ಪೆಟ್ಟಿಗೆ ಬಿಟ್ಟು ಹೋಗಬೇಡಿ.

ವೈದ್ಯರು ಕ್ಯಾಲ್ಸಿಯಂ ದ್ರಾವಣ, ನೀರಿನಂಶ, ನೋವಿನ ಔಷಧ ಕೊಡಬಹುದು. ಚಿಕಿತ್ಸೆ ಆರಂಭವಾದ ಮೇಲೆ ಮೊದಲು ಮರಳುವುದು ಸ್ನಾಯುಬಲ: ನಡುಕ ನಿಂತು, ಹಿಡಿತ ಬಿಗಿಯಾಗಿ, ನಾಲಿಗೆ ಮತ್ತೆ ದೂರ ಹೋಗುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಬಾಗಿದ ಮೂಳೆ ಬಾಗಿದಂತೆಯೇ ಗಟ್ಟಿಯಾಗುತ್ತದೆ, ಅದರೊಂದಿಗೆ ಪ್ರಾಣಿ ಚೆನ್ನಾಗಿಯೇ ಬದುಕಬಲ್ಲದು, ಕೊಂಬೆಗಳನ್ನು ಮಾತ್ರ ಅದರ ಹಿಡಿತಕ್ಕೆ ಹೊಂದುವ ದಪ್ಪದಲ್ಲಿ, ಒತ್ತೊತ್ತಾಗಿ ಕಟ್ಟಬೇಕಾಗುತ್ತದೆ. ವೈದ್ಯರು ಹೇಳಿದ ಕ್ಯಾಲ್ಸಿಯಂ ಪ್ರಮಾಣ ಚಿಕಿತ್ಸೆಯ ಅವಧಿಗೆ ಮಾತ್ರ. ಮರುಪರೀಕ್ಷೆಯ ಎಕ್ಸ್‌ರೇ ನೋಡಿದ ಬಳಿಕ, ಅವರ ಒಪ್ಪಿಗೆ ಪಡೆದು, ಮೇಲೆ ಹೇಳಿದ ನಿತ್ಯದ ಕ್ರಮಕ್ಕೆ ಮರಳಿ.